ಮೈಕ್ರೋಗ್ರಾಂನಿಂದ ಕೆಳಗೆ

…ಅಲ್ಲ, ಅಲ್ಲಿ ಭಾಗಿಸಬಾರದು. ಗುಣಿಸಬೇಕು. ನಿನ್ನ ಉತ್ತರ ನೀನೇ ಓದು ನೋಡೋಣ. ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ… ಸಾಲು ಮುಗಿದ್ರೂ ಸೊನ್ನೆ ಮುಗಿದಿಲ್ಲ. ಅಂದ್ರೆ ಏನಾಯ್ತು? ಈ ಉಪ್ಪಿನ ಹರಳಲ್ಲಿ ಒಂದೇ ಒಂದು ಪರಮಾಣುವೂ ಇಲ್ಲ ಅಂತಾಯ್ತು. ಪರಮಾಣುವೇ ಇಲ್ಲ ಅಂದ್ಮೇಲೆ ಮಧ್ಯಾಹ್ನ ನಾನು ಅಡುಗೆಗೆ ಹಾಕಿದ್ದೇನಮ್ಮ, ಬರೀ ನಂಬಿಕೆಯಾ?

ನಗು, ಪರವಾಗಿಲ್ಲ. ತಪ್ಪು ಮಾಡಿ ನಗೋರು ಬೇಗ ಕಲೀತಾರೆ. ತಪ್ಪು ಮಾಡಿ ಅಳೋ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿ ಹೇಳಿಯೇ ನನ್ನ ತಲೆ ಬೆಳ್ಳಗಾಗಿದ್ದು.

ಮತ್ತೆ ನೋಡು. ಒಂದು ಬಕೆಟ್ ನೀರನ್ನ ಲೋಟದಲ್ಲಿ ಅಳೆದ್ರೆ ಐವತ್ತು ಲೋಟ. ಅದೇ ನೀರನ್ನ ಚಮಚದಲ್ಲಿ ಅಳೆ. ಎಷ್ಟು ಸಲ ಬಗ್ಗಬೇಕು? ಸೊಂಟ ಬಿದ್ದು ಹೋಗತ್ತೆ. ಅಳತೆ ಚಿಕ್ಕದಾದಷ್ಟೂ ಎಣಿಕೆ ದೊಡ್ಡದು. ಗ್ರಾಂ ಅನ್ನೋದು ಲೋಟ. ಯು ಅನ್ನೋದು ಚಮಚ… ಚಮಚವೂ ಅಲ್ಲ, ಚಮಚದ ತುದಿಯ ತುದಿಯ ತುದಿ. ಒಂದೊಂದೇ ಪರಮಾಣುವನ್ನ ತೂಗೋದಕ್ಕೆ ಅಂತ ಮಾಡಿಟ್ಟ ತೂಕದ ಕಲ್ಲು ಅದು. ಗ್ರಾಂನಿಂದ ಯುಗೆ ಹೋಗುವಾಗ ಎಣಿಕೆ ಬೆಳೀಬೇಕೋ, ಕುಗ್ಗಬೇಕೋ?

ಹಾಂ. ಬೆಳೀಬೇಕು. ಹಾಗಾದ್ರೆ ಗುಣಿಸು.

ಹರಳಿನ ತೂಕ ಐವತ್ತೆಂಟು ಮೈಕ್ರೋಗ್ರಾಂ ಅಂತ ಇಟ್ಕೊಂಡಿದೀವಿ. ಗ್ರಾಂಗೆ ತಂದಿದೀಯಲ್ಲ, ಅದು ಸರಿಯಾಗಿದೆ. ಈಗ ಒಂದು ಗ್ರಾಂಗೆ ಎಷ್ಟು ಯು? ನೋಡ್ಕೊಳ್ಳದೆ ಹೇಳು. ಆರು ಪಾಯಿಂಟ್ ಸೊನ್ನೆ ಎರಡು ಎರಡು… ಹತ್ತರ ಘಾತ? ಇಪ್ಪತ್ತಮೂರು. ಸರಿ. ಮಾಡು, ನಾನು ಮಾತಾಡಲ್ಲ.

…

ಬಂತಾ? ಮೂವತ್ತೈದು ಬರೆದು ಅದರ ಮುಂದೆ ಹದಿನೆಂಟು ಸೊನ್ನೆ. ಇಷ್ಟು ಯು, ಪೆನ್ನಿನ ತುದೀಲಿ ಕೂತಿರೋ ಈ ಒಂದು ಹರಳು. ಉಸಿರು ಬಿಟ್ರೆ ಹಾರಿ ಹೋಗತ್ತೆ, ಹುಷಾರು. ಇದನ್ನ ಒಂದು ಜೋಡಿ ಉಪ್ಪಿನ ತೂಕದಿಂದ ಭಾಗಿಸಿದ್ರೆ, ಅಂದ್ರೆ ಒಂದು ಸೋಡಿಯಂ ಒಂದು ಕ್ಲೋರಿನ್, ಎರಡೂ ಕೈ ಹಿಡ್ಕೊಂಡಿರೋ ಜೋಡಿ… ಅದು ಐವತ್ತೆಂಟೂವರೆ ಯು… ಆಗ ಈ ಹರಳಲ್ಲಿ ಎಷ್ಟು ಜೋಡಿ ಇವೆ ಅಂತ ಸಿಗತ್ತೆ. ಆರರ ಮುಂದೆ ಹದಿನೇಳು ಸೊನ್ನೆ. ಇಷ್ಟು ಸಂಸಾರ ಒಂದು ಹರಳಲ್ಲಿ.

ಏನು? ಯಾರು ಕೂತು ಎಣಿಸಿದ್ರು ಅಂತಾನಾ? ಯಾರೂ ಎಣಿಸಲ್ಲ. ತೂಗ್ತಾರೆ. ಎಣಿಸೋಕಾಗದೇ ಇರೋದನ್ನ ತೂಗಿಯೇ ತಿಳ್ಕೋಬೇಕು, ಅದಕ್ಕೇ ಈ ಲೆಕ್ಕ.

ಬರತ್ತೆ. ಪರೀಕ್ಷೇಲಿ ಬರದೆ ಏನು? ನೀನು ಪ್ರತಿ ಸಲ ಇದನ್ನೇ ಕೇಳ್ತೀಯ, ನಾನು ಪ್ರತಿ ಸಲ ಇದನ್ನೇ ಹೇಳ್ತೀನಿ. ಪ್ರಶ್ನೆಪತ್ರಿಕೆ ಮಾಡೋರ ಬುದ್ಧಿ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನಾನೂ ಪ್ರಶ್ನೆಪತ್ರಿಕೆ ಮಾಡ್ತಿದ್ದವನೇ. ಎಲ್ಲರೂ ಬಾಗಿಲಲ್ಲಿ ಕಾಯ್ತಿದ್ರೆ ಅವರು ಕಿಟಕಿಯಿಂದ ಬರ್ತಾರೆ. ಭಾನುವಾರ ಪರೀಕ್ಷೆ ಕೊಠಡೀಲಿ ಆ ಪ್ರಶ್ನೆ ನೋಡಿ ಬೇರೆಯವರು ಮುಖ ಮುಖ ನೋಡ್ಕೋತಾರೆ, ನೀನು ಮಾತ್ರ ತಲೆ ತಗ್ಗಿಸಿ ಬರೀತಿರ್ತೀಯ. ಆಸ್ಪತ್ರೆ ಔಷಧಿ ವಿಭಾಗದ ಕೆಲಸ ಅಂದ್ರೆ ಸುಮ್ಮನೆ ಅಲ್ಲಮ್ಮ. ಕೌಂಟರ್ ಹಿಂದೆ ಸ್ಟೂಲ್ ಹಾಕ್ಕೊಂಡು ಕೂರೋದು, ಈಗಿನ ವಾರ್ಡ್ ಕೆಲಸದ ಥರ ಬೆನ್ನು ಮುರಿಯೋ ಹಾಗೆ ರೋಗಿಗಳನ್ನ ಎತ್ತಿ ಮಲಗಿಸೋದು ಇಲ್ಲ, ರಾತ್ರಿ ಪಾಳಿ ಇಲ್ಲ. ರಾತ್ರಿ ಮಗಳ ಪಕ್ಕ ಮಲಗಬಹುದು ಅಂತ ನೀನೇ ಹೇಳಿದ್ದೆ. ಮೊದಲ ದಿನ ಈ ಕುರ್ಚೀಲಿ ಕೂರದೆ, ನಿಂತ್ಕೊಂಡೇ ಹೇಳಿದ್ದೆ. ನಿಮ್ಮ ಅಕ್ಕನ ಕುರ್ಚಿ, ನಾನು ಹೇಗೆ ಕೂರ್ಲಿ ಮೇಷ್ಟ್ರೇ ಅಂತ.

ಕೂತಿದ್ರೆ ಏನಾಗ್ತಿತ್ತು? ಅಕ್ಕ ಬೈತಿದ್ಲಾ? ಅವಳಿಗೆ ಬೈಯೋಕೆ ನಾನೊಬ್ಬನೇ ಸಾಕಾಗಿತ್ತು.

ನೆನಪಿದೆಯಾ ನಿನಗೆ, ವಾರ್ಡಲ್ಲಿ ಅವಳ ತೂಕ ನೋಡಿದ ದಿನ? ನೀನು ತೋಳು ಹಿಡಿದು ಅವಳನ್ನ ಯಂತ್ರದ ಮೇಲೆ ನಿಲ್ಲಿಸಿದ್ದೆ. ನಲವತ್ತೊಂದು ಕಿಲೋ ಬಂತು. ಹಿಂದಿನ ವಾರಕ್ಕಿಂತ ಕಡಿಮೆ. ಅವಳು ನನ್ನ ಮುಖ ನೋಡಿದ್ಲು. ನನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವಳಿಗೆ ಗೊತ್ತು, ಅದಕ್ಕೇ ನೋಡಿದ್ಲು. ಆಗ ನನಗೆ ಏನು ತೋಚ್ತೋ… ನಾನು ಅದನ್ನ ಯುಗೆ ಬದಲಾಯಿಸಿ ಹೇಳ್ಬಿಟ್ಟೆ. ಇಪ್ಪತ್ತೈದು ಬರೆದು ಅದರ ಮುಂದೆ ಇಪ್ಪತ್ತೇಳು ಸೊನ್ನೆ ಹಾಕು ಅಕ್ಕ, ಅಷ್ಟಿದೆ ನಿನ್ನ ತೂಕ ಅಂದೆ. ಅವಳು ಅಲ್ಲೇ, ಆ ಯಂತ್ರದ ಮೇಲೆ ನಿಂತೇ, ಅಯ್ಯೋ ಅಷ್ಟು ದಪ್ಪ ಆದ್ನಾ, ನಾಳೆಯಿಂದ ಊಟ ಬಿಡ್ತೀನಿ ಅಂದ್ಲು. ನೀನು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕೆ. ಹೌದು, ನಕ್ಕಿದ್ದೆ, ನಾನು ನೋಡಿದ್ದೆ.

ಆಮೇಲೆ ಕಾರಿಡಾರಲ್ಲಿ ಬಂದು ಕೇಳಿದ್ದೆ. ಅದು ಹೇಗೆ ಮಾಡಿದ್ರಿ ಮೇಷ್ಟ್ರೇ, ಕಿಲೋವನ್ನ ಹಾಗೆ ಬದಲಾಯಿಸೋದು ಹೇಗೆ ಅಂತ. ನನಗೆ ಮಿಲಿಗ್ರಾಂ ಮೈಕ್ರೋಗ್ರಾಂ ಅಂದ್ರೇನೆ ಗೊಂದಲ ಆಗತ್ತೆ, ಪರೀಕ್ಷೆ ಕಟ್ಟಬೇಕು ಅಂತಿದೀನಿ, ಹೇಳಿಕೊಡ್ತೀರಾ ಅಂತ. ಅವತ್ತು ನಾನೇನೋ ಗಡಿಬಿಡೀಲಿ ಆಗಲಿ ಆಗಲಿ ಅಂದು ಬಿಟ್ಟಿದ್ದೆ. ಅಕ್ಕ ಹೋದ ಮೇಲೆ, ತಿಂಗಳೊಪ್ಪತ್ತಿಗೆ, ನೀನು ನಿಜವಾಗಲೂ ಬಾಗಿಲು ತಟ್ಟಿದೆ. ನಾನು ಬಾಗಿಲು ತೆಗೆದು, ಯಾರು ಬೇಕಿತ್ತು ಅಂತ ಕೇಳಿದ್ದೆ. ಗುರುತೇ ಸಿಗಲಿಲ್ಲ. ಯೂನಿಫಾರಂ ಇರಲಿಲ್ಲವಲ್ಲ.

ಬಿಸ್ಕತ್ತು ತಗೋ. ಡಬ್ಬಿ ಪೂರ್ತಿ ತುಂಬಿದೆ. ನಿನಗೆ ಅಂತ ತಂದಿದ್ದಲ್ಲ, ಸುಮ್ಮನೆ… ಅಂಗಡೀಲಿ ಇತ್ತು.

ಎಲ್ಲಿಗೆ ಬಂದ್ವಿ? ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಸಾವಿರ ಪಟ್ಟು ಕೆಳಗೆ. ಗ್ರಾಂ ಇಳಿದ್ರೆ ಮಿಲಿಗ್ರಾಂ. ಅದು ನಿನಗೆ ಮೊದಲೇ ಗೊತ್ತಿತ್ತು, ಮಾತ್ರೆ ಹಾಳೆ ಮೇಲೆ ದಿನಾ ನೋಡ್ತಿದ್ದೆ. ಮಿಲಿ ಇಳಿದ್ರೆ ಮೈಕ್ರೋ. ಅಲ್ಲಿ ನೀನು ಜಾರಿ ಬಿದ್ದೆ. ಥೈರಾಯ್ಡ್ ಮಾತ್ರೆ ನೂರು ಮೈಕ್ರೋಗ್ರಾಂ ಅಂದ್ರೆ ಎಷ್ಟು ಮಿಲಿಗ್ರಾಂ ಅಂತ ಕೇಳಿದ್ದಕ್ಕೆ ಹತ್ತು ಅಂದೆ. ಆಮೇಲೆ ನೀನೇ ಹೆದರಿ ಪೆನ್ನು ಕೆಳಗಿಟ್ಟೆ. ಸೊನ್ನೆ ಪಾಯಿಂಟ್ ಒಂದು ಎಲ್ಲಿ, ಹತ್ತು ಎಲ್ಲಿ. ಒಬ್ಬರ ಮಾತ್ರೆಯನ್ನ ನೂರು ಜನಕ್ಕೆ ಹಂಚಬಹುದಿತ್ತು. ಆ ಹೆದರಿಕೆ ಒಳ್ಳೇದು ಅಂದೆ. ಆ ಹೆದರಿಕೆ ಇದ್ದವರೇ ಕೌಂಟರ್ ಹಿಂದೆ ಕೂರಬೇಕು.

ಮಾರನೇ ವಾರ ಬಂದವಳು ಮೈಕ್ರೋ ಲೆಕ್ಕ ಎಲ್ಲಾ ಸರಿ ಮಾಡಿ ತಂದಿದ್ದೆ. ಎಲ್ಲಾ. ಒಂದೂ ತಪ್ಪಿಲ್ಲ. ಪುಸ್ತಕ ಮುಚ್ಚಿ ನನ್ನ ಮುಖ ನೋಡಿದೆ, ಇನ್ನೇನು ಅಂತ.

ಆಗ ನಾನು ನ್ಯಾನೋ ಅಂದೆ.

ಅಂದ್ರೆ, ಅನ್ನಲೇಬೇಕಲ್ಲ. ಮೆಟ್ಟಿಲು ಅಲ್ಲಿಗೇ ನಿಲ್ಲಲ್ಲ. ನಡು ಮೆಟ್ಟಿಲಲ್ಲಿ ಶಿಷ್ಯರ ಕೈ ಬಿಟ್ಟು ಹೋಗೋ ಮೇಷ್ಟ್ರು ಎಂಥ ಮೇಷ್ಟ್ರು? ನ್ಯಾನೋ ಆಯ್ತು. ಪಿಕೋ ಆಯ್ತು… ಒಂದು ಬ್ಯಾಕ್ಟೀರಿಯಾದ ತೂಕ ಸುಮಾರು ಒಂದು ಪಿಕೋಗ್ರಾಂ ಅಂದಾಗ ನೀನು, ಹಾಗಾದ್ರೆ ನಮ್ಮ ವಾರ್ಡ್ ತೊಳೆಯೋ ಬಕೆಟ್ಟಲ್ಲಿ ಎಷ್ಟು ಗ್ರಾಂ ಬ್ಯಾಕ್ಟೀರಿಯಾ ಇದೆ ಅಂತ ಕೇಳಿದ್ದೆ. ಆ ಲೆಕ್ಕ ಹಾಕ್ತಾ ಇಬ್ಬರಿಗೂ ಚಹಾ ಕುಡಿಯೋ ಮನಸ್ಸೇ ಹೋಯ್ತು. ಆಮೇಲೆ ಫೆಮ್ಟೋ. ಆಮೇಲೆ ಅಟ್ಟೋ. ಅಟ್ಟ ಅಂದ್ರೆ ಹತ್ತೋದಲ್ವಾ ಮೇಷ್ಟ್ರೇ, ಇದೇನು ಇಳಿಯೋದಕ್ಕೆ ಅಟ್ಟ ಅಂತ ಹೆಸರಿಟ್ಟಿದಾರೆ ಅಂದೆ. ಅವತ್ತು ನೀನು ಹೋದ ಮೇಲೂ ನಾನು ಒಬ್ಬನೇ ನಗ್ತಿದ್ದೆ. ಪಕ್ಕದ ಮನೆಯವರು ಗೋಡೆ ತಟ್ಟಿದ್ರು. ಜೆಪ್ಟೋ. ರಕ್ತದ ಹಿಮೋಗ್ಲೋಬಿನ್ ಒಂದೇ ಒಂದು ಅಣು, ಅರವತ್ತನಾಲ್ಕು ಸಾವಿರದ ಚಿಲ್ಲರೆ ಯು, ಅಂದ್ರೆ ನೂರ ಏಳು ಜೆಪ್ಟೋಗ್ರಾಂ. ಇವತ್ತು ಯೋಕ್ಟೋ. ಒಂದು ಯು ಅಂದ್ರೆ ಒಂದು ಪಾಯಿಂಟ್ ಆರು ಆರು ಯೋಕ್ಟೋಗ್ರಾಂ. ಅಲ್ಲಿಗೆ ಗ್ರಾಂ ಮತ್ತು ಯು ಎರಡೂ ಒಂದೇ ನೆಲದ ಮೇಲೆ ನಿಂತವು. ಒಂದರ ಭುಜಕ್ಕೆ ಇನ್ನೊಂದರ ಭುಜ. ಎಷ್ಟು ದೂರ ಬಂದ್ವಿ ನೋಡು.

ಗಡಿಯಾರ ಯಾಕೆ ನೋಡ್ತೀಯ? ಇನ್ನೂ ಬೆಳಕಿದೆ. ಬಸ್ಸು ಆರೂವರೆಗಲ್ವಾ?

ನನಗೆ ಯು ಯಾಕೆ ಇಷ್ಟ ಅಂತ ಯಾವತ್ತೂ ಹೇಳಿಲ್ಲ ನಿನಗೆ. ಹೇಳೋ ಅಂಥದ್ದೇನಲ್ಲ. ಒಂದು ಕಾರ್ಬನ್ ಪರಮಾಣುವನ್ನ ತಗೊಂಡು ಹೋಗಿ ಕಿಲೋ ತೂಗೋ ತಕ್ಕಡೀಲಿ ಇಟ್ರೆ ಏನು ತೋರಿಸತ್ತೆ? ಸೊನ್ನೆ. ಚಿನ್ನ ತೂಗೋ ತಕ್ಕಡೀಲಿಟ್ರೂ ಸೊನ್ನೆ. ಇಲ್ಲ ಅಂತ ಅಲ್ಲ, ಇದೆ. ಆದ್ರೆ ಆ ತಕ್ಕಡಿಗೆ ಅದು ಲೆಕ್ಕಕ್ಕಿಲ್ಲ. ಅದೇ ಪರಮಾಣುವನ್ನ ಅದರದೇ ಅಳತೇಲಿ ತೂಗು… ಹನ್ನೆರಡು. ಸರಿಯಾಗಿ ಹನ್ನೆರಡು. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಇದನ್ನ ತರಗತೀಲಿ ಹೇಳುವಾಗ ಹುಡುಗರು ಆಕಳಿಸ್ತಿದ್ರು. ಅಕ್ಕನಿಗೆ ಹೇಳಿದ್ರೆ, ನಿನಗೆ ಪರಮಾಣುವಿನ ತೂಕ ಗೊತ್ತು, ಡಬ್ಬೀಲಿ ಸಕ್ಕರೆ ಮುಗಿದಿದ್ದು ಗೊತ್ತಿಲ್ಲ ಅಂತಿದ್ಲು. ನಿಜ. ಈಗಲೂ ಗೊತ್ತಾಗಲ್ಲ. ಹೋದ ವಾರ ನೀನು ಬರೋ ಹೊತ್ತಿಗೆ ನೋಡಿದ್ರೆ ತಳದಲ್ಲಿ ಎರಡು ಹರಳಿತ್ತು. ಓಡಿ ಹೋಗಿ ತಂದೆ. ಮೂರು ಮಹಡಿ ಇಳಿದು ಹತ್ತಿ… ನೀನು ಬಂದು, ಯಾಕೆ ಏದುಸಿರು ಮೇಷ್ಟ್ರೇ, ಡಾಕ್ಟರಿಗೆ ತೋರಿಸಿ ಅಂದೆ. ವ್ಯಾಯಾಮ ಅಂತ ಹೇಳಿದ್ದು ನಾನು.

ಕಾಯ್ತಾ ಕೂರ್ತೀನಿ ಅಂತಲ್ಲ. ನನಗೂ ಕೆಲಸ ಇರತ್ತೆ. ಬೆಳಿಗ್ಗೆ ಪೇಪರ್ ಓದ್ತೀನಿ. ಅಡುಗೆ ಮಾಡ್ತೀನಿ, ಒಬ್ಬನಿಗೆ ಅಂತ ಮಾಡೋಕೆ ಇನ್ನೂ ಅಂದಾಜು ಸಿಕ್ಕಿಲ್ಲ, ಎರಡು ಹೊತ್ತಿಗೂ ಅದೇ ಆಗತ್ತೆ. ಮಧ್ಯಾಹ್ನ ಒಂದು ನಿದ್ದೆ. ಸಂಜೆ ಕಿಟಕಿ ತೆಗೆದಿಟ್ರೆ ಮೆಟ್ಟಿಲ ಸದ್ದು ಕೇಳತ್ತೆ. ಈ ಮನೆ ಮೆಟ್ಟಿಲಲ್ಲಿ ಯಾರು ಬರ್ತಿದಾರೆ ಅಂತ ಸದ್ದಲ್ಲೇ ಗೊತ್ತಾಗತ್ತೆ ನನಗೆ. ಎರಡನೇ ಮಹಡಿಯವನು ಎರಡೆರಡು ಮೆಟ್ಟಿಲು ಹಾರ್ತಾನೆ. ಎದುರುಮನೆಯಾಕೆ ಪ್ರತಿ ತಿರುವಲ್ಲೂ ನಿಂತು ನಿಟ್ಟುಸಿರು ಬಿಡ್ತಾಳೆ. ನಿನ್ನ ಎಡಗಾಲಿನ ಚಪ್ಪಲಿ ಸ್ವಲ್ಪ ಸಡಿಲ. ಹೊಲಿಸು ಅದನ್ನ, ಬಿದ್ದು ಗಿದ್ದೀಯ.

ಏನು? ಅದನ್ನ ಹೇಗೆ ಗಮನಿಸಿದ್ರಿ ಅಂತಾನಾ? ಮೇಷ್ಟ್ರ ಕಿವಿ ಅಮ್ಮ. ಬೋರ್ಡಿಗೆ ಮುಖ ಮಾಡಿ ಬರೀತಾ ಹಿಂದೆ ಯಾರು ಪಿಸುಗುಟ್ಟಿದ್ರು ಅಂತ ಹೇಳಬೇಕಿತ್ತಲ್ಲ, ಆ ಅಭ್ಯಾಸ.

ಬ್ಯಾಗಿಗೆ ಯಾಕೆ ಕೈ ಹಾಕಿದೆ? ಇರು, ಇರು. ಇನ್ನೊಂದು ಲೆಕ್ಕ. ಒಂದೇ. ಗ್ಲೂಕೋಸ್ ನಿನಗೆ ಗೊತ್ತಿರೋದೇ, ದಿನಾ ಬಾಟಲಿ ನೇತು ಹಾಕ್ತೀಯ. ಅದರ ಒಂದು ಅಣು ನೂರ ಎಂಬತ್ತು ಯು. ಇದನ್ನ ಗ್ರಾಂಗೆ ತಾ. ಈ ಸಲ ಭಾಗಿಸಬೇಕು ಅಂತ ನಾನು ಹೇಳಲ್ಲ… ಹೇಳಿಬಿಟ್ಟೆ.

ಬೇಡವಾ.

ಸುಸ್ತಾಗಿದೆ. ಸರಿ. ಪಾಳಿ ಮುಗಿಸಿ ಬಂದಿದೀಯ. ನಾಳೆ ಮಾಡೋಣ. ನಾಳೆ ಬರ್ತೀಯಲ್ಲ? ನಾಳಿದ್ದು ಶನಿವಾರ, ಅವತ್ತು ಓದಬಾರದು, ಪರೀಕ್ಷೆ ಹಿಂದಿನ ದಿನ ತಲೆಗೆ ರಜೆ ಕೊಡಬೇಕು. ಬೇಕಾದ್ರೆ ಅವತ್ತೂ ಸುಮ್ಮನೆ ಬಾ, ಪುಸ್ತಕ ತರಬೇಡ, ಒಂದು ಲೋಟ ಚಹಾ ಕುಡಿದು ಹೋದ್ರಾಯ್ತು. ನಾಳೆ ಏನು ಪಾಠ ಅಂತಾನಾ? ನಾಳೆ… ಇದೆ. ಇರದೆ ಏನು? ಯೋಕ್ಟೋ ಕೆಳಗೂ ಇದೆ. ಎಲೆಕ್ಟ್ರಾನ್. ಒಂದು ಯುವನ್ನ ಸಾವಿರದ ಎಂಟುನೂರ ಚಿಲ್ಲರೆ ಪಾಲು ಮಾಡಿದ್ರೆ ಒಂದು ಪಾಲು ಎಲೆಕ್ಟ್ರಾನು. ಅದನ್ನ ಗ್ರಾಂಗೆ ತರೋದಿದೆಯಲ್ಲ, ಅದು ಬಹಳ ಸ್ವಾರಸ್ಯ. ಅದಾದ್ಮೇಲೆ ಮತ್ತೆ ಮೇಲಕ್ಕೆ ಹತ್ತಬಹುದು. ಕಿಲೋ, ಟನ್ನು, ಭೂಮಿ ತೂಕ, ಸೂರ್ಯನ ತೂಕ. ಸೂರ್ಯನನ್ನ ಯುಲಿ ಹೇಳಿದ್ರೆ…

ಯಾಕೆ ಪೆನ್ನು ಕೆಳಗಿಟ್ಟೆ?

ಹಾಗೆ ನೋಡಬೇಡ. ಏನೋ ಕೇಳಬೇಕು ಅಂತಿದೀಯ, ಕೇಳು. ಪರೀಕ್ಷೇಲಿ ಇದೆಲ್ಲ ಬರತ್ತಾ ಅಂತ ತಾನೇ? ಆಗಲೇ ಹೇಳಿದ್ನಲ್ಲ.

…

ಸೂರ್ಯನ ತೂಕ ಕೇಳಲ್ಲ. ಒಪ್ಪಿದೆ. ಎಲೆಕ್ಟ್ರಾನೂ ಕೇಳೋದು ಅನುಮಾನ.

ಯೋಕ್ಟೋ… ಅದೂ ಅಷ್ಟೇ, ಅನುಮಾನ.

ಹಾಗೆ ಒಂದೊಂದೇ ಮೆಟ್ಟಿಲು ಹತ್ತಿಸ್ತಿದೀಯಲ್ಲಮ್ಮ ನನ್ನ, ಬಾಯಿ ತೆರೀದೇನೇ. ಸರಿ. ಕೂತ್ಕೋ. ಬ್ಯಾಗ್ ಕೆಳಗಿಡು, ಒಂದು ಮಾತು ಹೇಳ್ತೀನಿ. ಇವತ್ತು ಹೇಳದಿದ್ರೆ ನಿನಗೇ ನಷ್ಟ.

ಅವರು ಕೇಳೋದು ಮೈಕ್ರೋವರೆಗೆ. ಅದಾದ ಮೇಲೆ ಕೇಳೋದು ಬೇರೆ. ಪುಡಿಗೆ ನೀರು ಬೆರೆಸಿದ್ರೆ ಒಂದು ಡೋಸಿಗೆ ಎಷ್ಟು ಎಂಎಲ್ ತೆಗೀಬೇಕು, ಬಾಟಲಿ ಇಷ್ಟು ಗಂಟೇಲಿ ಖಾಲಿ ಆಗಬೇಕಾದ್ರೆ ನಿಮಿಷಕ್ಕೆ ಎಷ್ಟು ಹನಿ. ಅದೇ ಅರ್ಧ ಪತ್ರಿಕೆ. ಅರ್ಧಕ್ಕೂ ಜಾಸ್ತಿ. ಅದು ಉಳಿದಿದೆ. ಅದನ್ನ ನಾವು ಮುಟ್ಟಿಲ್ಲ. ಮೈಕ್ರೋ ಮುಗಿದ ಮಾರನೇ ವಾರವೇ ಶುರು ಮಾಡಬೇಕಿತ್ತು. ಅದು ಎರಡು ಮೂರು ಪಾಠದ ವಿಷಯ, ನಿನ್ನ ಚುರುಕಿಗೆ ಎರಡೇ ಸಾಕಿತ್ತು. ಎರಡೇ ಪಾಠ. ಅದಕ್ಕೇ ನಾನು, ಇರಲಿ, ಅದೇನು ಮಹಾ, ಕೊನೇಲಿ ಮಾಡಿದ್ರಾಯ್ತು ಅಂತ… ಒಂದು ಮೆಟ್ಟಿಲು ಇಳಿಸಿದೆ. ಆಮೇಲೆ ಇನ್ನೊಂದು. ಮುಂದಿನ ವಾರ ಶುರು ಮಾಡೋಣ ಅಂತ ಪ್ರತಿ ವಾರ ಅಂದ್ಕೋತಿದ್ದೆ. ದೇವರಾಣೆ ಅಂದ್ಕೋತಿದ್ದೆ.

ಸಿಟ್ಟು ಬಂತಾ? ಬರಬೇಕಾದ್ದೇ. ಬೈದು ಬಿಡು. ಬೈದು ಆಮೇಲೆ ಕೂತ್ಕೋ, ಯಾಕಂದ್ರೆ ಸಮಯ ಇದೆ. ಇವತ್ತು, ನಾಳೆ. ಕಷ್ಟದ್ದಲ್ಲ. ಇವತ್ತು ಈ ಬಸ್ಸು ಬಿಡು, ಮುಂದಿನದಕ್ಕೆ ಹೋಗು. ಮಗಳಿಗೆ ಫೋನ್ ಮಾಡಿ ಹೇಳು, ಅಜ್ಜಿ ಜೊತೆ ಊಟ ಮಾಡಲಿ. ನಿನ್ನ ಕೆಲಸ ನನ್ನ ಕಾರಣಕ್ಕೆ ತಪ್ಪಿತು ಅಂತಾದ್ರೆ… ನನಗೆ ಆ ಕುರ್ಚಿ ಕಡೆ ನೋಡೋಕಾಗಲ್ಲ.

ಬರ್ಕೋ. ಒಂದು ಸೀಸೇಲಿ ಒಂದು ಗ್ರಾಂ ಪುಡಿ ಇದೆ. ಹತ್ತು ಎಂಎಲ್ ನೀರು ಹಾಕಿ ಕುಲುಕಿದ್ರು. ಪುಡಿ ಜಾಗ ತಗೊಳ್ಳಲ್ಲ ಅಂತ ಇಟ್ಕೋ, ಒಟ್ಟು ಹತ್ತೇ ಎಂಎಲ್. ಡಾಕ್ಟರು ಇನ್ನೂರೈವತ್ತು ಮಿಲಿಗ್ರಾಂ ಕೊಡಿ ಅಂತ ಬರೆದಿದಾರೆ. ಸಿರಿಂಜಲ್ಲಿ ಎಷ್ಟು ಎಳೀಬೇಕು? ಇದರ ಕೆಳಗೆ ಇನ್ನೊಂದು. ಐನೂರು ಎಂಎಲ್ ಬಾಟಲಿ ನಾಲ್ಕು ಗಂಟೇಲಿ ಇಳೀಬೇಕು. ಒಂದು ಎಂಎಲ್‌ಗೆ ಇಪ್ಪತ್ತು ಹನಿ. ನಿಮಿಷಕ್ಕೆ ಎಷ್ಟು? ಮಾಡೋಕೆ ಹೋಗಬೇಡ, ಪ್ರಶ್ನೆ ಮಾತ್ರ ಬರೆದಿಟ್ಕೋ. ಮೊದಲು ಒಂದು ಎಂಎಲ್‌ನಲ್ಲಿ ಎಷ್ಟಿದೆ ಅಂತ ಹೇಗೆ ನೋಡೋದು ಅನ್ನೋದನ್ನ ಹೇಳ್ತೀನಿ, ಅದು ಬಂದ್ರೆ ಉಳಿದಿದ್ದೆಲ್ಲ ತಾನಾಗೇ ಬರತ್ತೆ. ಒಂದು ನಿಮಿಷ. ನೀರು ಕುದೀತಿದೆ, ಪುಡಿ ಹಾಕಿ ಬರ್ತೀನಿ.

ಕೇಳಿಸ್ತಿದೆಯಾ ಇಲ್ಲಿಂದ? ಲೋಟ, ಚಮಚ ನೆನಪಿಟ್ಕೋ, ಅದೇ ಉಪಾಯ. ಸಕ್ಕರೆ ಎರಡೇ ಅಲ್ವಾ ನಿನಗೆ? ಗಾಬರಿ ಆಗಬೇಡ. ನಾನು ನಾಳೆ ಬೆಳಿಗ್ಗೆಯಿಂದ ಮನೇಲೇ ಇರ್ತೀನಿ, ಪಾಳಿಗೆ ಮುಂಚೆಯೇ ಬೇಕಾದ್ರೂ ಬಾ. ಎರಡು ದಿನದಲ್ಲಿ ಈ ಲೆಕ್ಕ ಕಲಿತು ಪಾಸಾದವರು ಬೇಕಾದಷ್ಟು ಜನ ಇದಾರೆ.

ತಗೋ, ಬಿಸಿ ಇದೆ. ಈಗ ಹೇಳ್ತೀನಿ ಕೇಳು, ಒಂದು ಗ್ರಾಂ ಅಂದ್ರೆ ಸಾವಿರ…

ಏನಿದು?

ಮಾಡಿಬಿಟ್ಯಾ?

ಎರಡೂವರೆ ಎಂಎಲ್. ಸರಿ ಇದೆ. ಹನಿ ನಲವತ್ತೆರಡು. ನಾನಾಗಿದ್ರೆ ನಲವತ್ತೊಂದು ಪಾಯಿಂಟ್ ಆರು ಆರು ಅಂತ ಬರೀತಿದ್ದೆ. ನೀನು ನಲವತ್ತೆರಡು ಅಂತ ಬರೆದಿದೀಯ. ಅರ್ಧಂಬರ್ಧ ಹನಿ ಬೀಳಲ್ಲ ಅಂತ. ಅದು ಪುಸ್ತಕದಲ್ಲಿ ಓದಿ ಬರೋ ಬುದ್ಧಿ ಅಲ್ಲ, ಬಾಟಲಿ ಪಕ್ಕ ನಿಂತು ಬರಬೇಕು. ಮತ್ತೆ ಈ ಗೆರೆ… ಬೇಕಾದ ಡೋಸು ಮೇಲೆ, ಸೀಸೇಲಿರೋ ಡೋಸು ಕೆಳಗೆ, ಪಕ್ಕದಲ್ಲಿ ನೀರು. ನಾನು ಹೀಗೆ ಮಾಡಿಸಲ್ಲ. ನಾನು ಯಾರಿಗೂ ಹೀಗೆ ಮಾಡಿಸಿಲ್ಲ. ಇದು ನರ್ಸುಗಳು ಮಾಡೋ ರೀತಿ.

ಯಾರು ಹೇಳಿಕೊಟ್ಟಿದ್ದು?

ಹೆಡ್ ನರ್ಸಾ. ಊಟದ ಬಿಡುವಲ್ಲಿ.

ಇಲ್ಲ, ಬೇಜಾರೇನಿಲ್ಲ. ಬದುಕಿದೆ. ನನಗೆ ಎಷ್ಟು ನಿರಾಳ ಆಯ್ತು ಅಂತ ನಿನಗೆ ಗೊತ್ತಿಲ್ಲ. ಆಕೆ ಚೆನ್ನಾಗಿ ಹೇಳಿಕೊಟ್ಟಿದಾಳೆ, ನನಗಿಂತ ಚೆನ್ನಾಗಿ. ಭಾನುವಾರ ನೀನು ಪಾಸು, ಬರೆದಿಟ್ಕೋ. ಎಷ್ಟು ದಿನದಿಂದ ನಡೀತಿದೆ ಇದು? ಈ ವಾರವಾ?

ಅದಕ್ಕೂ ಮುಂಚೆ?

ಜೆಪ್ಟೋ ಹೊತ್ತಿಗಾಗಲೇ ಬರ್ತಿತ್ತಾ ನಿನಗೆ ಇದು? …ಫೆಮ್ಟೋ ಹೊತ್ತಿಗೆ? …ಮುಂಚೇನಾ? ತಲೆ ಅಲ್ಲಾಡಿಸಿದ್ರೆ ಸಾಲದು, ಹೇಳು. ಪಿಕೋ?

ನ್ಯಾನೋ.

ಅಂದ್ರೆ ನಾನು ಮೊದಲನೇ ಸುಳ್ಳು ಹೇಳಿದ ವಾರವೇ ನಿನಗೆ ಗೊತ್ತಾಗಿತ್ತು. ಆಸ್ಪತ್ರೇಲಿ ಕೇಳಿ ತಿಳ್ಕೊಂಡಿದ್ದೆ. ಬೇಕಾದ್ದನ್ನ ಅಲ್ಲೇ ಕಲಿತೂ ಬಿಟ್ಟಿದ್ದೆ. ಆಮೇಲೂ ಬಂದೆ. ದಿನವೆಲ್ಲ ನಿಂತ ಕಾಲಲ್ಲಿ, ಆ ಬೆನ್ನು ನೋವಲ್ಲಿ, ಮಗಳನ್ನ ಅಮ್ಮನ ಹತ್ರ ಬಿಟ್ಟು, ಮೂರು ಮಹಡಿ ಹತ್ತಿ ಬಂದು, ಯಾರೂ ಕೇಳದ, ಯಾತಕ್ಕೂ ಬಾರದ ಲೆಕ್ಕ ಮಾಡಿದೆ. ಪಿಕೋ ಮಾಡಿದೆ, ಫೆಮ್ಟೋ ಮಾಡಿದೆ. ಪ್ರತಿ ಸಲ ಪರೀಕ್ಷೇಲಿ ಬರತ್ತಾ ಮೇಷ್ಟ್ರೇ ಅಂತ ಕೇಳಿದೆ, ಗೊತ್ತಿಲ್ಲದವಳ ಹಾಗೆ. ನಾನು ಬರತ್ತೆ ಅಂದೆ. ನೀನು ಹೂಂ ಅಂದು ಬರ್ಕೊಂಡೆ.

ಹಾಗಾದ್ರೆ ಯಾಕೆ ಬರ್ತಿದ್ದೆ?

ಕಲಿಯೋ ಆಸೆ ಅನ್ನಬೇಡ. ಮೂವತ್ತು ವರ್ಷ ಮೇಷ್ಟ್ರಾಗಿದ್ದೆ, ಕಲಿಯೋ ಆಸೆ ಹೇಗಿರತ್ತೆ ಅಂತ ನನಗೆ ಗೊತ್ತು. ಅದು ಇಷ್ಟು ತಾಳ್ಮೆಯಿಂದ ಇರಲ್ಲ. ಚಹಾಕ್ಕೂ ಅಲ್ಲ. ನನ್ನ ಚಹಾ ಹೇಗಿರತ್ತೆ ಅಂತ ನನಗೇ ಗೊತ್ತು.

ಹೇಳು.

ಪುಸ್ತಕ ಯಾಕೆ ನೋಡ್ತೀಯ, ಮುಖ ಎತ್ತು.

…

ಬೇಡ. ಹೇಳಬೇಡ, ಬಿಡು.

…

ಅಷ್ಟು ಕಾಣ್ತಿತ್ತಾ?